ನೋವಿನ ಮಾತ್ರೆಗೂ ರಕ್ತನಾಳಕ್ಕೂ ಏನು ನಂಟು?

ಪ್ರಶ್ನೆ: ಮಂಡಿನೋವಿಗೆ ನುಂಗುವ ಮಾತ್ರೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುತ್ತದಂತೆ, ಹೌದೇ?

ಉತ್ತರ: ಪ್ರಯೋಗಾಲಯದ ಮಟ್ಟಿಗೆ ಹೌದು. ರಕ್ತನಾಳದ ಒಳಮೈಗೆ ಒಂದೇ ಪದರದ ಜೀವಕೋಶಗಳ ಹಾಸು ಇರುತ್ತದೆ. ಗಾಯವಾದಾಗ ಇವು ವಿಭಜನೆಗೊಂಡು, ಗಾಯದ ಕಡೆಗೆ ಸರಿದು, ಕೊಳವೆಯಂತೆ ಜೋಡಿಸಿಕೊಂಡು ಹೊಸ ನಾಳ ಕಟ್ಟುತ್ತವೆ. ಅದಕ್ಕೆ ಕುಮ್ಮಕ್ಕು ಕೊಡುವ ವಸ್ತುಗಳಲ್ಲಿ ಪ್ರೊಸ್ಟಾಗ್ಲಾಂಡಿನ್ ಒಂದು. ನೋವು, ಊತಗಳ ಹಿಂದಿರುವುದೂ ಇದೇ ಆಸಾಮಿ! ಆಸ್ಪಿರಿನ್ ಇದರ ತಯಾರಿಕೆಯನ್ನೇ ತಡೆಯುತ್ತದೆಂದು ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್, ಇಂಡೊಮೆಥಾಸಿನ್ ಹಿಡಿಯುವುದೂ ಇದೇ ದಾರಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಇಂಡೊಮೆಥಾಸಿನ್ ಹಾಕಿದರೆ ಕೊಳವೆ ಕಟ್ಟುವ ಕೆಲಸ ಕುಂಟುತ್ತದೆ.

ಕ್ಯಾನ್ಸರ್ ಗಡ್ಡೆ ಕೊಬ್ಬಲು ಹೊಸ ರಕ್ತನಾಳ ಬೇಕಾದ್ದರಿಂದ ಸಂಶೋಧಕರಿಗೆ ಇದು ಆಸೆ ಹುಟ್ಟಿಸಿದೆ. ಆದರೆ ಹೊಟ್ಟೆಯ ಹುಣ್ಣು ಮಾಯಲೂ ಅವೇ ನಾಳಗಳು ಬೇಕಲ್ಲ! ಈ ಮಾತ್ರೆಗಳು ಹುಣ್ಣನ್ನು ತರುವುದಷ್ಟೇ ಅಲ್ಲ, ಇದ್ದ ಹುಣ್ಣು ಬೇಗ ವಾಸಿಯಾಗಲೂ ಬಿಡುವುದಿಲ್ಲ. ತಟ್ಟೆಗೆ ಹಾಕುವ ಪ್ರಮಾಣ ಬೇರೆ, ನುಂಗಿದಾಗ ರಕ್ತ ಸೇರುವ ಪ್ರಮಾಣ ಬೇರೆ ಎಂಬುದೂ ನಿಜ. ಹಾಗಾಗಿ ಅಪರೂಪಕ್ಕೆ ಒಂದು ಮಾತ್ರೆ ನುಂಗಿದ್ದಕ್ಕೆ ಗಾಬರಿ ಬೇಡ. ಹುಣ್ಣಿನ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಇವನ್ನು ಮುಟ್ಟಬೇಡಿ.