ಶಾಲೆಗೆ ಹೋಗಲಾರದ ಮಗು ಮತ್ತು ಮನೆಯ ಪಾಠ

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದ ಬಾಲಕನೊಬ್ಬನನ್ನು ಅವನ ತಾಯಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. “ಮುಂಜಾನೆ ಆತಂದ್ರ ಹೊಟ್ಟಿನೋವು ಅಂತಾನ್ರೀ ಡಾಕ್ಟರ, ವಾರದಾಗ ಮೂರು ದಿನ ಸಾಲಿ ತಪ್ಪತೈತಿ” ಎಂದರು. ನಾಡಿ ನೋಡಿದೆ, ನಾಲಿಗೆ ನೋಡಿದೆ, ಹೊಟ್ಟೆ ಮುಟ್ಟಿ ಪರೀಕ್ಷಿಸಿದೆ. ಹಸಿವು, ಮಲಪ್ರವೃತ್ತಿ, ನಿದ್ರೆಗಳನ್ನು ವಿಚಾರಿಸಿದೆ. ಅಗ್ನಿಮಾಂದ್ಯವೆಂದು ನಿರ್ಣಯಿಸಿ, ಹಿಂಗ್ವಾಷ್ಟಕ ಚೂರ್ಣವನ್ನು ತುಪ್ಪದೊಡನೆ ಊಟದ ಮೊದಲ ತುತ್ತಿನಲ್ಲಿ ಕೊಡುವಂತೆ ಹೇಳಿ ಕಳುಹಿಸಿದೆ.

ತಿಂಗಳು ಕಳೆದರೂ ನೋವು ನಿಲ್ಲಲಿಲ್ಲ. ಈ ಸಲ ತಂದೆ ಬಂದರು. “ಸಾಲಿ ಬಿಡಿಸಿ ಮನ್ಯಾಗ ಮಾಸ್ತರನ್ನ ಹಚ್ಚಿ ಓದಸ್ಲೇನ್ರೀ?” ಎಂದು ಕೇಳಿದರು. ಆಗಲಿ ಎಂದೆ. ವಾರದೊಳಗೆ ನೋವು ಮಾಯವಾಯಿತು. ಔಷಧ ಫಲಿಸಿತೆಂದು ಹಿಗ್ಗಿದೆ. ಆರು ತಿಂಗಳ ನಂತರ ಮಗನನ್ನು ಮತ್ತೆ ಶಾಲೆಗೆ ಹೊರಡಿಸಿದಾಗ ನೋವಿನ ಜೊತೆಗೆ ವಾಂತಿಯೂ ಸೇರಿಕೊಂಡಿತು. ಆ ವರ್ಷ ಅವನ ಕೈತಪ್ಪಿ ಹೋಯಿತು.

ನನ್ನ ಕಣ್ಣು ತೆರೆಸಿದವರು ಮನೆಪಾಠಕ್ಕೆ ಬರುತ್ತಿದ್ದ ಆ ಮಾಸ್ತರರೇ. “ಹುಡುಗ ಜಾಣ. ಕೇಳಿದ ಪಾಠವನ್ನು ಹಾಗೆಯೇ ಒಪ್ಪಿಸುತ್ತಾನೆ, ಬಾಯಿಲೆಕ್ಕ ಮಾಡುತ್ತಾನೆ. ಆದರೆ ಪುಸ್ತಕ ತೆರೆದೊಡನೆ ಬೆವರುತ್ತಾನೆ, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ” ಎಂದರು. ತರಗತಿಯಲ್ಲಿ ದಿನವೂ ಮೊದಲ ಅವಧಿಗೆ ಗಟ್ಟಿಯಾಗಿ ಓದಿಸುತ್ತಿದ್ದರಂತೆ. ಇವನು ತಡವರಿಸಿದಾಗ ಉಳಿದ ಮಕ್ಕಳು ನಗುತ್ತಿದ್ದರಂತೆ. ಅವನಿಗಿದ್ದುದು ಕಲಿಕಾ ನ್ಯೂನತೆ. “ಭಾನುವಾರವೂ ಹೊಟ್ಟೆ ನೋಯುತ್ತದೆಯೇ?” ಎಂಬ ಒಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ಆ ಬಾಲಕನ ಒಂದು ವರ್ಷ ಉಳಿಯುತ್ತಿತ್ತು. ಆ ತಪ್ಪು ನನ್ನದು.

ಭಯವೂ ಹೊಟ್ಟೆಯನ್ನು ಕೆಡಿಸುತ್ತದೆ

ನಾಚಿಕೆಯ ಸಂಗತಿಯೆಂದರೆ, ಇದು ನಾನು ಓದಿದ ಶಾಸ್ತ್ರದಲ್ಲಿಯೇ ಇತ್ತು. ಚರಕ ಸಂಹಿತೆಯು ಅತಿಸಾರದ ಆರು ಪ್ರಕಾರಗಳನ್ನು ಹೇಳುವಾಗ ಭಯದಿಂದ ಹುಟ್ಟುವುದನ್ನೂ ಶೋಕದಿಂದ ಹುಟ್ಟುವುದನ್ನೂ ಬೇರೆಯಾಗಿಯೇ ಎಣಿಸಿದೆ. ಅವುಗಳಲ್ಲಿ ವಾತವನ್ನು ಶಮನಗೊಳಿಸುವುದರ ಜೊತೆಗೆ ರೋಗಿಗೆ ಹರ್ಷವನ್ನೂ ಆಶ್ವಾಸನೆಯನ್ನೂ ಕೊಡಬೇಕೆಂದು ವಿಧಿಸಿದೆ. ಮನಸ್ಸನ್ನು ಅಹಿತದಿಂದ ಹಿಂದೆಗೆಯುವ ಸತ್ತ್ವಾವಜಯವನ್ನು ಚಿಕಿತ್ಸೆಯ ಮೂರು ವಿಧಗಳಲ್ಲಿ ಒಂದೆಂದು ಗಣಿಸಿದೆ.

ಆದುದರಿಂದ ಮಗುವಿನ ನೋವು ಸುಳ್ಳಲ್ಲ. ಭಯದಿಂದ ಬಂದ ಹೊಟ್ಟೆನೋವೂ ನಿಜವಾಗಿಯೇ ನೋಯುತ್ತದೆ. “ನಾಟಕ ಮಾಡಬೇಡ” ಎಂದು ಗದರಿಸುವುದು ಎಷ್ಟು ತಪ್ಪೋ, ಕಾರಣವನ್ನು ಹುಡುಕದೆ ಶಾಲೆ ಬಿಡಿಸುವುದೂ ಅಷ್ಟೇ ತಪ್ಪು. ಹೆದರಿದ ಮಗು ಮನೆಯಲ್ಲಿ ಉಳಿದಷ್ಟು ದಿನವೂ ಶಾಲೆಯ ಹೊಸ್ತಿಲು ಅದಕ್ಕೆ ಎತ್ತರವಾಗುತ್ತ ಹೋಗುತ್ತದೆ. ನನ್ನ ಅನುಭವದಲ್ಲಿ ಎರಡು ವಾರದಲ್ಲಿ ಮರಳಿದ ಮಗು ಸುಲಭವಾಗಿ ಹೊಂದಿಕೊಂಡಿದೆ; ಆರು ತಿಂಗಳು ಮನೆಯಲ್ಲುಳಿದ ಮಗುವನ್ನು ಮರಳಿಸಲು ಬಹಳ ಶ್ರಮ ಬೇಕಾಗಿದೆ.

ಆದರೆ ಎಲ್ಲವನ್ನೂ ಭಯದ ಲೆಕ್ಕಕ್ಕೆ ಹಾಕುವುದೂ ಅಪಾಯಕರ. ರಾತ್ರಿ ನಿದ್ರೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಬಿಡದ ಜ್ವರ, ಹೊಕ್ಕುಳಿನಿಂದ ದೂರ ಒಂದೇ ಕಡೆ ನಿಂತ ನೋವು, ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಕಣ್ಣು, ಕಿವಿ, ರಕ್ತಹೀನತೆಗಳ ಪರೀಕ್ಷೆ ಆಗಲೇಬೇಕು. ಕರಿಹಲಗೆ ಕಾಣದ ಮಗುವನ್ನು ದಡ್ಡನೆಂದು ಹೊಡೆದ ಉದಾಹರಣೆಗಳನ್ನು ನಾನು ಕಂಡಿದ್ದೇನೆ. ಅನಂತರ ಶಾಲೆಯ ಒಳಹೊರಗನ್ನು ವಿಚಾರಿಸಬೇಕು. ಯಾರಾದರೂ ಪೀಡಿಸುತ್ತಿದ್ದಾರೆಯೇ? ಯಾವ ಅವಧಿಗೆ ಭಯ? ಋತುಮತಿಯಾದ ಹೆಣ್ಣುಮಗಳಿಗೆ ಶೌಚಾಲಯದಲ್ಲಿ ನೀರಿದೆಯೇ? ಶಿಕ್ಷಕರು ಹೊಡೆಯುತ್ತಿದ್ದರೆ ಅದು 2009ರ ಶಿಕ್ಷಣ ಹಕ್ಕು ಕಾಯ್ದೆಯು ನಿಷೇಧಿಸಿರುವ ಕೃತ್ಯವೆಂಬುದನ್ನು ಪಾಲಕರು ತಿಳಿದಿರಬೇಕು.

ಮನೆಯ ಪಾಠ ಯಾರಿಗೆ ಬೇಕು?

ಮನೆಯ ಪಾಠವೇ ಯೋಗ್ಯವಾದ ಮಕ್ಕಳೂ ಇದ್ದಾರೆ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಗುವಿಗೆ ರೋಗನಿರೋಧಕ ಶಕ್ತಿ ಕುಗ್ಗಿರುವಾಗ ಗುಂಪಿನಲ್ಲಿ ಕೂರುವುದು ಅಪಾಯ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರಗಳ ವಿಶ್ರಾಂತಿ ಬೇಕು. ಇಂತಹ ಮಕ್ಕಳಿಗೆ ಮನೆಯ ಪಾಠವು ಮರಳಿ ಶಾಲೆಗೆ ಹೋಗುವವರೆಗಿನ ಸೇತುವೆ.

ಮೆದುಳಿನ ಪಾರ್ಶ್ವವಾಯು, ಸ್ನಾಯುಕ್ಷಯದಂತಹ ತೀವ್ರ ಬಾಧೆಯಿರುವ ಮಕ್ಕಳಿಗೆ ದಿನನಿತ್ಯದ ಓಡಾಟ ಅಸಾಧ್ಯವಾಗಬಹುದು. 2012ರ ತಿದ್ದುಪಡಿಯ ಮೂಲಕ ಶಿಕ್ಷಣ ಹಕ್ಕು ಕಾಯ್ದೆಯು ಬಹುವಿಧ ಹಾಗೂ ತೀವ್ರ ಅಂಗವೈಕಲ್ಯವುಳ್ಳ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಹಕ್ಕನ್ನು ನೀಡಿದೆ. ನಮ್ಮ ರಾಜ್ಯದಲ್ಲಿ ಸಮಗ್ರ ಶಿಕ್ಷಣ ಯೋಜನೆಯಡಿ ಬಿ.ಐ.ಇ.ಆರ್.ಟಿ. ಎಂದು ಕರೆಯಲಾಗುವ ಸಂಪನ್ಮೂಲ ಶಿಕ್ಷಕರು ಇಂತಹ ಮಕ್ಕಳ ಮನೆಗೆ ಬಂದು ಕಲಿಸುತ್ತಾರೆ. ಸಮೀಪದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನಾಗಲಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನಾಗಲಿ ಕೇಳಿದರೆ ವಿವರ ದೊರೆಯುತ್ತದೆ. ಇದು ಉಪಕಾರವಲ್ಲ, ಮಗುವಿನ ಹಕ್ಕು. ಸಂಕೋಚ ಬೇಡ.

ಇನ್ನು ಕಲಿಕಾ ನ್ಯೂನತೆಯ ಮಕ್ಕಳು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಇದೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರಹಗಾರರ ನೆರವು ಮುಂತಾದ ಸೌಲಭ್ಯಗಳಿವೆ. ಈ ಮಕ್ಕಳಿಗೆ ಮನೆಯ ಪಾಠವು ಶಾಲೆಯ ಜೊತೆಗೆ ಇರಬೇಕು. ಶಾಲೆಯ ಬದಲಿಗೆ ಅಲ್ಲ.

ಹೇಗೆ ಕಲಿಸಬೇಕು?

ಮನೆಯ ಪಾಠವೆಂದರೆ ಐದು ತಾಸಿನ ಶಾಲೆಯನ್ನು ಮನೆಗೆ ಹೊತ್ತು ತರುವುದಲ್ಲ. ಒಬ್ಬರೇ ಶಿಕ್ಷಕರು ಒಂದೇ ಮಗುವಿಗೆ ಕಲಿಸುವಾಗ ದಿನಕ್ಕೆ ಒಂದೂವರೆ ಅಥವಾ ಎರಡು ತಾಸು ಸಾಕು. ದುರ್ಬಲ ಮಗುವಿಗೆ 15-20 ನಿಮಿಷಕ್ಕೊಮ್ಮೆ ಬಿಡುವು ಕೊಡಬೇಕು. ಬೆಳಗಿನ ಲಘು ಉಪಾಹಾರದ ನಂತರದ ಹೊತ್ತು ಉತ್ತಮ. ಊಟವಾದ ಕೂಡಲೇ ಪುಸ್ತಕ ಬೇಡ. ಗಾಳಿ ಬೆಳಕಿರುವ ಒಂದೇ ಸ್ಥಳ, ಒಂದೇ ವೇಳೆ ಇರಲಿ. ಹಾಸಿಗೆಯ ಮೇಲೆ ಪಾಠ ಬೇಡ. ಏಳಲಾಗದ ಮಗುವಿಗಾದರೂ ದಿಂಬುಗಳ ಆಸರೆ ಕೊಟ್ಟು ಕೂರಿಸಬೇಕು. ವಾರಕ್ಕೆರಡು ಸಲ ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ರಾತ್ರಿ ಬೇಗ ಊಟ, ಬೇಗ ನಿದ್ರೆ ಹಿತಕರ. ಜ್ವರ, ಅಜೀರ್ಣಗಳಿರುವಾಗ ಅಭ್ಯಂಗ ಕೂಡದು. ತೀವ್ರ ಕಾಯಿಲೆಗೆ ಚಿಕಿತ್ಸೆ ನಡೆದಿದ್ದರೆ ಆ ವೈದ್ಯರನ್ನು ಕೇಳಿಯೇ ಮಾಡಬೇಕು.

ಬುದ್ಧಿವರ್ಧಕ ಲೇಹ್ಯ ಕೊಡಿರೆಂದು ಅನೇಕ ತಾಯಂದಿರು ನನ್ನಲ್ಲಿಗೆ ಬರುತ್ತಾರೆ. ಬ್ರಾಹ್ಮೀ, ಶಂಖಪುಷ್ಪಿಗಳ ಮೇಲೆ ನನಗೆ ಗೌರವವಿದೆ. ಆದರೆ ಯಾವ ಲೇಹ್ಯವೂ ಅಕ್ಷರ ಕಲಿಸುವುದಿಲ್ಲ. ಅಕ್ಷರ ಕಲಿಸುವುದು ತಾಳ್ಮೆಯಿರುವ ಮನುಷ್ಯರು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮಗುವಿನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿಯಬೇಕು. ನಮ್ಮೂರಿನ ಬಾಲಕಿಯೊಬ್ಬಳಿಗೆ ಹುಟ್ಟಿನಿಂದ ಮೆದುಳಿನ ಪಾರ್ಶ್ವವಾಯು. ಸಂಪನ್ಮೂಲ ಶಿಕ್ಷಕಿ ವಾರಕ್ಕೊಮ್ಮೆ ಬಂದು, ಉಳಿದ ದಿನಗಳಲ್ಲಿ ಏನು ಮಾಡಿಸಬೇಕೆಂದು ಅಜ್ಜಿಗೆ ತೋರಿಸಿಕೊಟ್ಟು ಹೋಗುತ್ತಾರೆ. ಅವಳ ತರಗತಿಯ ಶಿಕ್ಷಕರು ದಿನವೂ ಅವಳ ಹೆಸರನ್ನು ಕೂಗುತ್ತಾರೆ. ಓರಗೆಯ ಮಕ್ಕಳು “ಮನ್ಯಾಗದಾಳ್ರೀ” ಎಂದು ಒಕ್ಕೊರಲಿನಿಂದ ಉತ್ತರಿಸುತ್ತಾರೆ. ಶನಿವಾರ ಮಧ್ಯಾಹ್ನ ಇಬ್ಬರು ಗೆಳತಿಯರು ಮನೆಗೆ ಬಂದು ಅವಳೊಡನೆ ಚೌಕಾಬಾರ ಆಡುತ್ತಾರೆ. ಕಳೆದ ಸ್ವಾತಂತ್ರ್ಯ ದಿನದಂದು ಗಾಲಿಕುರ್ಚಿಯಲ್ಲಿ ಅವಳು ಶಾಲೆಗೆ ಹೋದಾಗ ಅಲ್ಲಿ ಯಾರಿಗೂ ಅವಳು ಹೊಸಬಳಾಗಿರಲಿಲ್ಲ.

ನಿವೃತ್ತರಲ್ಲಿ ಒಂದು ವಿನಂತಿ

ನಮ್ಮ ಭಕ್ತ ಸಮೂಹದಲ್ಲಿ ನಿವೃತ್ತ ಶಿಕ್ಷಕ, ಶಿಕ್ಷಕಿಯರು ಸಾಕಷ್ಟಿದ್ದೀರಿ. ನಿಮ್ಮಲ್ಲಿ ಅನೇಕರು ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು. ನಿಮ್ಮ ಓಣಿಯಲ್ಲಿ ಶಾಲೆಗೆ ಹೋಗದ ಮಗುವೊಂದು ಇದ್ದರೆ ವಾರಕ್ಕೆರಡು ದಿನ ಒಂದೊಂದು ತಾಸು ಆ ಮನೆಗೆ ಹೋಗಿರಿ. ಶಾಲೆಯವರೊಡನೆ ಮಾತನಾಡಿ, ಅಲ್ಲಿ ನಡೆಯುತ್ತಿರುವ ಪಾಠವನ್ನೇ ಕಲಿಸಿರಿ. ಮನೆಯವರು ಎದುರಿಗಿರುವಾಗಲೇ ಪಾಠ ಹೇಳಿರಿ. ಇದೂ ಒಂದು ದಾಸೋಹವೇ.

ಮೊದಲು ಹೇಳಿದ ಆ ಬಾಲಕ ಒಂದು ವರ್ಷ ತಡವಾಗಿ ಐದನೆಯ ತರಗತಿಗೆ ಸೇರಿದ. ಆ ಮಾಸ್ತರರು ಪ್ರತಿ ಸಂಜೆ ಮನೆಗೆ ಹೋಗಿ, ರವೆಯ ಮೇಲೆ ಬೆರಳಿನಿಂದ ಒತ್ತಕ್ಷರ ತಿದ್ದಿಸಿದರು. ಇಂದು ಅವನು ಪಂಪ್‌ಸೆಟ್ ದುರಸ್ತಿಯ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ತನ್ನ ಮಗಳನ್ನು ಹೊಟ್ಟೆನೋವೆಂದು ನನ್ನಲ್ಲಿಗೆ ಕರೆತಂದಿದ್ದ. ನಾಡಿ ಹಿಡಿಯುವ ಮೊದಲೇ ಆ ಕೂಸನ್ನು ಕೇಳಿದೆ: “ಭಾನುವಾರವೂ ನೋಯುತ್ತದೇನವ್ವ?” ಅವಳು ಹೌದೆಂದಳು. ಅವಳಿಗೆ ಜಂತುಹುಳುವಿನ ಬಾಧೆಯಿತ್ತು. ಔಷಧ ಕೊಟ್ಟೆ, ಗುಣವಾಯಿತು.