ಹಕ್ಕಿ ನೋಡುವ ಹೊಸಬರು

ನಮ್ಮ ಗ್ರೇಟರ್ ನೋಯ್ಡಾದ ಸೂರಜ್‌ಪುರ, ಧನೌರಿ ಜೌಗುಗಳಿಗೆ ಚಳಿಗಾಲದಲ್ಲಿ ವಲಸೆ ಬಾತುಗಳು ಬರುತ್ತವೆ. ಧನೌರಿಯಲ್ಲಿ ಉತ್ತರ ಪ್ರದೇಶದ ರಾಜ್ಯಪಕ್ಷಿಯಾದ ಸಾರಸವೂ ಉಂಟು.

ಹಿಂದೆ ಹಕ್ಕಿ ನೋಡಹೊರಟವನು ಹಿರಿಯರೊಬ್ಬರ ಹಿಂದೆ ಸದ್ದಿಲ್ಲದೆ ನಡೆದು, ಸಲೀಂ ಅಲಿಯವರ 1941ರ ಪುಸ್ತಕವನ್ನು ತಿರುವಿ ಹೆಸರು ಕಲಿಯುತ್ತಿದ್ದನು. ಹೆಸರಿನೊಡನೆ ತಾಳ್ಮೆಯೂ ಬರುತ್ತಿತ್ತು. ಈಗ ಮೊಬೈಲು ಕ್ಷಣದಲ್ಲಿ ಹೆಸರು ಹೇಳುತ್ತದೆ, ತಾಳ್ಮೆಯನ್ನು ಕಲಿಸುವುದಿಲ್ಲ. ಒಮ್ಮೆಗೇ ಬಹುಮಂದಿ ಬಂದರೆ ಹಿರಿಯರು ಸಾಲರು. ಹೊಸಬನು ಹೊಸಬನನ್ನೇ ನೋಡಿ ಕಲಿಯುತ್ತಾನೆ. ಒಬ್ಬನು ಚಿತ್ರಕ್ಕಾಗಿ ಗೂಡಿನ ಬಳಿ ಹೋದರೆ ಹತ್ತು ಜನ ಹಿಂಬಾಲಿಸುತ್ತಾರೆ. ಸಾರಸವು ಸಾಮಾನ್ಯವಾಗಿ ಇಡುವುದು ಎರಡೇ ಮೊಟ್ಟೆ. ಬೆದರಿ ಎದ್ದು ಹೋದರೆ ಅವು ಕಾಗೆಯ ಪಾಲು.

ಹಾಗೆಂದು ಹೊಸಬರು ಬೇಡವೆನ್ನಲಾಗದು. 2023ರ ‘ಭಾರತದ ಪಕ್ಷಿಗಳ ಸ್ಥಿತಿ’ ವರದಿಯು ಸುಮಾರು 30,000 ಪಕ್ಷಿವೀಕ್ಷಕರ ಟಿಪ್ಪಣಿಗಳಿಂದ 942 ಜಾತಿಗಳನ್ನು ಪರಿಶೀಲಿಸಿತು. ಕೆಲವೇ ಹಿರಿಯರಿಂದ ಇದು ಸಾಧ್ಯವಿರಲಿಲ್ಲ.

ಗಿರಣಿಯ ಗುಮಾಸ್ತನಾದ ನಾನೂ ಹೊಸಬನೇ. ಮೊದಲ ದಿನ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಕರೆದೆ. ಜೊತೆಗಿದ್ದ ಹಿರಿಯರು, “ಶತ್ರು ಬಂದನೆಂದು ಅದು ಮರಿ ಬಿಟ್ಟು ಬರುತ್ತದಪ್ಪಾ” ಎಂದರು. ಬೈಯಲಿಲ್ಲ. ಅಂದೇ ಬಿಟ್ಟೆ. ಹಳಬರು ಗೊಣಗುವ ಬದಲು ಒಬ್ಬೊಬ್ಬ ಹೊಸಬನನ್ನು ಹೀಗೆ ಜೊತೆಗೆ ಕರೆದೊಯ್ದರೆ ಸಾಕು.