ನಿಮ್ಮ ಬಿಲ್ಡಿಂಗಿನ ಸೆಪ್ಟಿಕ್ ಟ್ಯಾಂಕ್ ಕೊನೆಯ ಸಲ ಖಾಲಿಯಾದದ್ದು ಯಾವಾಗ?

ಫ್ಲಶ್ ಒತ್ತಿದರೆ ನಮ್ಮ ಕೆಲಸ ಮುಗಿಯಿತು. ಆ ನೀರು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಮುಂಬಯಿ ನಗರದಲ್ಲಿ ನೆಲದಡಿಯ ಪೈಪುಗಳು ಅದನ್ನು ಕೊಲಾಬಾ, ವರ್ಲಿ, ಬಾಂದ್ರಾ, ವರ್ಸೋವಾ, ಮಲಾಡ್, ಘಾಟ್ಕೋಪರ್, ಭಾಂಡುಪ್‌ಗಳ 7 ಕೇಂದ್ರಗಳಿಗೆ ಒಯ್ಯುತ್ತವೆ. ಆದರೆ ಎಷ್ಟೋ ಚಾಳು, ಝೋಪಡಪಟ್ಟಿಗಳಿಗೆ, ನಾಲಾಸೋಪಾರಾ, ವಿರಾರ್ ಕಡೆಯ ಅನೇಕ ಬಿಲ್ಡಿಂಗುಗಳಿಗೆ ಆ ಪೈಪು ತಲುಪಿಲ್ಲ. ಅಲ್ಲಿ ಎಲ್ಲವೂ ಸೇರುವುದು ಕಾಲಡಿಯ ಸೆಪ್ಟಿಕ್ ಟ್ಯಾಂಕಿಗೆ.

*ಟ್ಯಾಂಕ್ ಮಾಡುವ ಕೆಲಸ ಅರ್ಧ ಮಾತ್ರ*

ಟ್ಯಾಂಕಿನಲ್ಲಿ ಗಟ್ಟಿ ವಸ್ತು ತಳಕ್ಕೆ ಇಳಿದು ಕೆಸರಾಗುತ್ತದೆ, ಎಣ್ಣೆ ಜಿಡ್ಡು ಮೇಲೆ ತೇಲುತ್ತದೆ. ನಡುವಿನ ನೀರು ಹೊರಗೆ ಹರಿಯುತ್ತದೆ. ಈ ನೀರು ನೋಡಲು ತಿಳಿಯಾಗಿದ್ದರೂ ಅದರಲ್ಲಿ ರೋಗಾಣುಗಳು ಹಾಗೆಯೇ ಇರುತ್ತವೆ. ಅದು ಇಂಗುಗುಂಡಿಗೆ ಹೋಗಿ ಮಣ್ಣಿನಲ್ಲಿ ಸೋಸಬೇಕು. ಕೆಸರು ತುಂಬಿದರೆ ಹೊಲಸೆಲ್ಲ ನೇರವಾಗಿ ಹೊರಬರುತ್ತದೆ. ಮಳೆಗಾಲದಲ್ಲಿ ಅದೇ ನೀರು ಅಂಗಳದಲ್ಲಿ ನಿಂತು, ಒಡೆದ ನಳ್ಳಿ ಪೈಪಿನೊಳಗೆ ಸೇರಿದರೆ ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಮನೆಮನೆಗೂ ಬರುತ್ತವೆ.

*ಒಳಗೆ ಯಾರನ್ನೂ ಇಳಿಸಬೇಡಿ*

2024ರ ಏಪ್ರಿಲ್‌ನಲ್ಲಿ ವಿರಾರಿನ ಒಂದು ವಸತಿ ಸಂಕೀರ್ಣದಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಇಳಿದ ನಾಲ್ವರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಇಂಥ ಕಡೆ ಕೊಲ್ಲುವುದು ಗಾಳಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. "ಈಗ ವಾಸನೆ ಇಲ್ಲ, ಇಳಿಯಬಹುದು" ಎಂದುಕೊಂಡವನು ಕ್ಷಣದಲ್ಲಿ ಬೀಳುತ್ತಾನೆ. ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

*ನೀವು ಮಾಡಬೇಕಾದದ್ದು*

✅ 2–3 ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಪಂಪಿರುವ ಟ್ಯಾಂಕರ್ ಕರೆಸಿ ಖಾಲಿ ಮಾಡಿಸಿ. ಆ ಹೊಲಸನ್ನು ನಾಲೆಗೋ ಖಾಡಿಗೋ ಸುರಿಯದೆ ಶುದ್ಧೀಕರಣ ಕೇಂದ್ರಕ್ಕೆ ಒಯ್ಯುತ್ತಾರೆಯೇ ಎಂದು ಕೇಳಿ.

✅ ಮುಚ್ಚಳ ಒಡೆದಿದ್ದರೆ ಇಂದೇ ಸರಿಪಡಿಸಿ. ತೆರೆದ ಟ್ಯಾಂಕಿನ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಒಳಗಿನ ಮೀಥೇನ್ ಹೊತ್ತಿಕೊಳ್ಳುತ್ತದೆ.

✅ ಸ್ಯಾನಿಟರಿ ಪ್ಯಾಡ್, ಡೈಪರ್, ಅಡುಗೆ ಎಣ್ಣೆ ಕಮೋಡಿಗೆ ಹಾಕಬೇಡಿ. ಆಸಿಡ್ ಸುರಿದರೆ ಹೊಲಸನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ.

✅ ಯಾರಾದರೂ ಒಳಗೆ ಬಿದ್ದರೆ ನೀವು ಇಳಿಯಬೇಡಿ. 101 ಅಥವಾ 112ಕ್ಕೆ ಫೋನ್ ಮಾಡಿ.

*ಊರಿನ ಮನೆಗೂ ಇದೇ ಮಾತು*

ಇಲ್ಲಿ ದುಡಿದ ಹಣದಲ್ಲಿ ಊರಲ್ಲಿ ಮನೆ ಕಟ್ಟಿಸುವಾಗ ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುತ್ತೇವೆ. ಪಾಯಿಖಾನೆಯ ಗುಂಡಿಯನ್ನು ಮೇಸ್ತ್ರಿಗೆ ಬಿಟ್ಟುಬಿಡುತ್ತೇವೆ. ಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ. ನೀರು ಇಂಗುವ ಮಣ್ಣಾದರೆ ಎರಡು ಗುಂಡಿ ತೋಡಿಸಿ: ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಅದು ಗೊಬ್ಬರವಾಗುತ್ತದೆ. ಊರಲ್ಲಿರುವ ಅಪ್ಪ ಅಮ್ಮ ಕುಡಿಯುವುದು ಆ ಬಾವಿಯ ನೀರನ್ನೇ ಅಲ್ಲವೇ?

ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಸೆಕ್ರೆಟರಿಯವರನ್ನು ಎರಡೇ ಪ್ರಶ್ನೆ ಕೇಳಿ: ಟ್ಯಾಂಕ್ ಯಾವಾಗ ಖಾಲಿ ಮಾಡಿಸಿದಿರಿ? ಯಂತ್ರದಿಂದಲೋ, ಮನುಷ್ಯನಿಂದಲೋ?

🙏 ನಿಮ್ಮ ಬಿಲ್ಡಿಂಗಿನ ಗ್ರೂಪಿಗೂ ಊರಿನ ಗ್ರೂಪಿಗೂ ಕಳಿಸಿ.